ಶುಗರ್ ಇರುವುದನ್ನು ವಿಮೆಯ ಅರ್ಜಿಯಲ್ಲಿ ಬರೆಯಬೇಕೇ?

ಪ್ರಶ್ನೆ: ನನಗೆ 46 ವರ್ಷ, ಕಿರಾಣಿ ಅಂಗಡಿ ಇದೆ. ಎರಡು ವರ್ಷದಿಂದ ಶುಗರ್‌ಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮನೆಮಂದಿಗೆಲ್ಲ ಸೇರಿಸಿ 5 ಲಕ್ಷ ರೂಪಾಯಿಯ ಆರೋಗ್ಯ ವಿಮೆ ಮಾಡಿಸಬೇಕೆಂದಿದ್ದೇನೆ. ಶುಗರ್ ವಿಷಯ ಬರೆದರೆ ಪ್ರೀಮಿಯಂ ಏರುತ್ತದೆ, ಸುಮ್ಮನಿರಿ ಎನ್ನುತ್ತಾರೆ ಏಜೆಂಟರು. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ದಯವಿಟ್ಟು ಬರೆಯಿರಿ. ಮುಂದೊಂದು ದಿನ ನೀವು ಆಸ್ಪತ್ರೆಗೆ ದಾಖಲಾದಾಗ ಡ್ಯೂಟಿ ಡಾಕ್ಟರು ಕೇಳುವ ಮೊದಲ ಪ್ರಶ್ನೆಗಳಲ್ಲಿ ‘ಶುಗರ್, ಬಿಪಿ ಇದೆಯೇ, ಎಷ್ಟು ವರ್ಷದಿಂದ?’ ಎಂಬುದೂ ಒಂದು. ಪಕ್ಕದಲ್ಲಿ ನಿಂತ ನಿಮ್ಮ ಮನೆಯವರು ಇದ್ದದ್ದನ್ನು ಇದ್ದಂತೆ ಹೇಳುತ್ತಾರೆ, ಅದು ಕೇಸ್ ಶೀಟಿನಲ್ಲಿ ದಾಖಲಾಗುತ್ತದೆ. ಕ್ಲೇಮ್ ಬಂದಾಗ ವಿಮಾ ಕಂಪನಿಯವರು ತರಿಸಿಕೊಂಡು ನೋಡುವುದು ಅದೇ ಹಾಳೆಯನ್ನು. ಅಲ್ಲಿರುವ ವರ್ಷಕ್ಕೂ ನಿಮ್ಮ ಅರ್ಜಿಗೂ ತಾಳೆಯಾಗದಿದ್ದರೆ ಕ್ಲೇಮ್ ಮಾತ್ರವಲ್ಲ, ಪಾಲಿಸಿಯೇ ರದ್ದಾಗಬಹುದು. ಏಜೆಂಟರು ಹೇಳಿದ್ದರು ಎಂಬ ಮಾತು ಆಗ ನಡೆಯುವುದಿಲ್ಲ, ಏಕೆಂದರೆ ಸಹಿ ನಿಮ್ಮದು. ಈಗಂತೂ ಅರ್ಜಿಯನ್ನು ಮೊಬೈಲಿನಲ್ಲೇ ತುಂಬಿ ಒಟಿಪಿ ಕೇಳುತ್ತಾರೆ. ಆ ಒಟಿಪಿಯೂ ಸಹಿಯೇ. ಆರೋಗ್ಯದ ಪ್ರಶ್ನೆಗಳಿರುವ ಪುಟವನ್ನು ನೀವೇ ಓದಿದ ಮೇಲೆ ಅದನ್ನು ಕೊಡಿ.

ನಿಜ ಹೇಳಿದ್ದಕ್ಕೆ ನೀವು ತೆರಬೇಕಾದದ್ದು ಮುಖ್ಯವಾಗಿ ಕಾಯುವ ಅವಧಿ, ಅಂದರೆ ಆ ಕಾಯಿಲೆಯ ಖರ್ಚನ್ನು ಪಾಲಿಸಿ ಕೊಡದ ಆರಂಭದ ಕಾಲ. ಮೊದಲೇ ಇದ್ದ ಕಾಯಿಲೆಗೆ ಅದು 4 ವರ್ಷದವರೆಗೂ ಇರುತ್ತಿತ್ತು. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಅದರ ಗರಿಷ್ಠ ಮಿತಿಯನ್ನು 3 ವರ್ಷಕ್ಕೆ ಇಳಿಸಿತು. ಅಷ್ಟರೊಳಗೆ ಅಪಘಾತವಾದರೆ ಮೊದಲ ದಿನದಿಂದಲೇ, ಡೆಂಗಿಯಂಥ ಕಾಯಿಲೆ ಬಂದರೆ ಸಾಮಾನ್ಯವಾಗಿ ಮೊದಲ 30 ದಿನ ಕಳೆದ ಮೇಲೆ ಪಾಲಿಸಿ ಕೈ ಹಿಡಿಯುತ್ತದೆ. ಪ್ರೀಮಿಯಂ ಸ್ವಲ್ಪ ಏರಬಹುದು, ನಿಜ. ಆದರೆ ವ್ಯಕ್ತಿಗಳು ಮತ್ತು ಕುಟುಂಬದವರು ಮಾಡಿಸುವ ಪಾಲಿಸಿಗಳ ಮೇಲಿದ್ದ ಶೇ. 18ರ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದಿರುವುದರಿಂದ ಆ ಹೊರೆ ಕೊಂಚ ಹಗುರಾಗಿದೆ.

ಇನ್ನೊಂದು ಮಾತು. ಕಂಪನಿಯವರು ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಬಹುದು. ಅದು ರಕ್ತದಲ್ಲಿನ ಸಕ್ಕರೆಯ ಸುಮಾರು ಮೂರು ತಿಂಗಳ ಸರಾಸರಿಯನ್ನು ಹೇಳುವುದರಿಂದ ಹಿಂದಿನ ದಿನದ ಉಪವಾಸ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಇಡೀ ದಿನ ಗಲ್ಲಾದ ಮುಂದೆ ಕೂರುವ ನಿಮಗೆ ಊಟವಾದ ಕೂಡಲೇ ಹದಿನೈದು ನಿಮಿಷ ನಡೆಯುವುದು ನಿಜವಾಗಿ ಸಹಾಯ ಮಾಡುತ್ತದೆ. ರೊಟ್ಟಿ, ಮುದ್ದೆಯಾದರೆ ಎಷ್ಟು ತಿಂದರೂ ಶುಗರ್ ಏರದು ಎಂದು ಬಹಳ ಮಂದಿ ನಂಬಿದ್ದಾರೆ; ಹಾಗಿಲ್ಲ, ಅಲ್ಲಿಯೂ ಪ್ರಮಾಣ ಮುಖ್ಯ.

ಪ್ರಶ್ನೆ: ತಂದೆಯವರ ಹರ್ನಿಯಾ ಆಪರೇಷನ್‌ಗೆ 3 ಲಕ್ಷದ ಪಾಲಿಸಿಯಿತ್ತು. ಬಿಲ್ ಅದರ ಅರ್ಧದಷ್ಟೂ ಆಗಲಿಲ್ಲ. ಆದರೂ ತುಂಬಾ ಹಣ ಕಡಿತವಾಗಿದೆ. ಏಕೆ?
– ಓದುಗರು, ಮೈಸೂರು

ಉತ್ತರ: ನೀವು ಕಳುಹಿಸಿದ ಪ್ರತಿಯ ಪ್ರಕಾರ ದಿನದ ರೂಮ್ ಬಾಡಿಗೆಗೆ ಪಾಲಿಸಿಯಲ್ಲಿದ್ದ ಮಿತಿ 3,000 ರೂಪಾಯಿ, ನೀವು ತೆಗೆದುಕೊಂಡ ರೂಮ್ 6,000ದ್ದು. ಇಂಥಲ್ಲಿ ಬಾಡಿಗೆಯ ವ್ಯತ್ಯಾಸವನ್ನಷ್ಟೇ ಕಳೆಯುವುದಿಲ್ಲ. ಡಾಕ್ಟರ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್ ವೆಚ್ಚಗಳೂ ಅದೇ ಅನುಪಾತದಲ್ಲಿ ಅರ್ಧಕ್ಕೆ ಇಳಿಯುತ್ತವೆ. ಆದರೆ ಔಷಧಿ, ಹರ್ನಿಯಾ ಜಾಗಕ್ಕೆ ಒಳಗೆ ಕೂರಿಸಿದ ಮೆಶ್ (ಬಲೆ), ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗ್ ವೆಚ್ಚಗಳನ್ನು ಹೀಗೆ ಇಳಿಸುವಂತಿಲ್ಲ. ಕಡಿತದ ಪತ್ರವನ್ನು ಬಿಲ್ಲಿನ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲು ನೋಡಿ. ಇವುಗಳಲ್ಲೂ ಕಡಿತವಾಗಿದ್ದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಅವರು ತಿರಸ್ಕರಿಸಿದರೆ, ಅಥವಾ ಒಂದು ತಿಂಗಳಾದರೂ ಉತ್ತರಿಸದಿದ್ದರೆ, ವಿಮೆಯ ದೂರುಗಳನ್ನು ಇತ್ಯರ್ಥಪಡಿಸುವ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ಕಂಪನಿ ತಿರಸ್ಕರಿಸಿದ ಅಥವಾ ಆ ಒಂದು ತಿಂಗಳು ಮುಗಿದ ದಿನದಿಂದ ಒಂದು ವರ್ಷದೊಳಗೆ ಕೊಡಬೇಕು.

ಪ್ರಶ್ನೆ: ಪಾಲಿಸಿಯಲ್ಲಿರುವ ಉಚಿತ ಆರೋಗ್ಯ ತಪಾಸಣೆ ಮಾಡಿಸಿಕೊಂಡರೆ ನೋ ಕ್ಲೇಮ್ ಬೋನಸ್ ಹೋಗುತ್ತದೆಯೇ?
– ಗೃಹಿಣಿ, ತುಮಕೂರು

ಉತ್ತರ: ಸಾಮಾನ್ಯವಾಗಿ ಇಲ್ಲ. ಆ ಬೋನಸ್ ಸಿಗುವುದು ಕ್ಲೇಮ್ ಮಾಡದ ವರ್ಷಕ್ಕೆ, ತಪಾಸಣೆಯನ್ನು ಕ್ಲೇಮ್ ಎಂದು ಎಣಿಸುವುದಿಲ್ಲ. ಬಿಪಿ ಏರಿದ್ದು ಬಹುಪಾಲು ಜನರಿಗೆ ಗೊತ್ತೇ ಆಗುವುದಿಲ್ಲವಾದ್ದರಿಂದ ಈ ಅವಕಾಶವನ್ನು ನೀವು ಬಿಡಬಾರದು. ಯಜಮಾನರನ್ನಷ್ಟೇ ಕಳುಹಿಸಿ ನೀವು ಮನೆಯಲ್ಲಿ ಉಳಿಯಬೇಡಿ. ಪಾಲಿಸಿಯಲ್ಲಿ ನಿಮ್ಮ ಹೆಸರಿಗೂ ತಪಾಸಣೆ ಇದೆಯೇ ಎಂದು ನೋಡಿ, ನವೀಕರಣದ ದಿನಾಂಕಕ್ಕೆ ಮುಂಚೆಯೇ ದಿನ ಗೊತ್ತುಮಾಡಿಕೊಳ್ಳಿ.