ಆಹಾರದ ಬಗ್ಗೆ ಬರೆಯುವವರು ಬೇಕನ್ ಅನ್ನು ಅಷ್ಟೊಂದು ಕೊಂಡಾಡುವುದೇಕೆ?

ಉಪ್ಪು, ಹೊಗೆ, ಕೊಬ್ಬು ಮತ್ತು ಗರಿಗರಿತನ ಒಂದೇ ತುತ್ತಿನಲ್ಲಿ ಸಿಗುವ ಪದಾರ್ಥಗಳು ವಿರಳ. ಹಂದಿಮಾಂಸವನ್ನು ಹದಗೊಳಿಸಿ ಹೊಗೆಯಲ್ಲಿಟ್ಟು ತಯಾರಿಸುವ ಬೇಕನ್ ಅಂಥದ್ದೊಂದು ಎಂಬುದೇ ಈ ಒಲವಿಗೆ ಮುಖ್ಯ ಕಾರಣ. ಆಹಾರದ ಕುರಿತೇ ಬರೆಯುವ ನನಗಂತೂ ಅದರ ಮೇಲಿನ ಪ್ರೀತಿ ಇಂದಿಗೂ ಕಡಿಮೆಯಾಗಿಲ್ಲ. ಸಾಮಾನ್ಯವಾಗಿ ಹಂದಿಯ ಹೊಟ್ಟೆಭಾಗದ ಮಾಂಸಕ್ಕೆ ಉಪ್ಪು, ಸಕ್ಕರೆ ಮತ್ತು ಅತ್ಯಲ್ಪ ನೈಟ್ರೈಟ್ (ಮಾಂಸ ಕೆಡದಂತೆ ತಡೆಯುವ ಲವಣ) ಸವರಿ ಕೆಲವು ದಿನ ಹದಗೊಳಿಸಿ, ಬಳಿಕ ಕಟ್ಟಿಗೆಯ ಹೊಗೆಯಲ್ಲಿಡುತ್ತಾರೆ. ಬೇಯಿಸಿದ ಮೇಲೂ ಉಳಿಯುವ ನಸುಗೆಂಪು ಬಣ್ಣಕ್ಕೆ ಈ ನೈಟ್ರೈಟೇ ಕಾರಣ. ಬಾಣಲೆಯಲ್ಲಿ ಶಾಖವು ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಿದಾಗ, ಮಾಂಸದ ಅಮೈನೋ ಆಮ್ಲಗಳು ಸಕ್ಕರೆಯೊಂದಿಗೆ ವರ್ತಿಸುವ ಮೈಲಾರ್ಡ್ ಕ್ರಿಯೆ ಚುರುಕಾಗಿ, ಹಸಿವಿಲ್ಲದವರನ್ನೂ ಅಡುಗೆಮನೆಗೆ ಸೆಳೆಯುವ ಘಮ ಹುಟ್ಟುತ್ತದೆ.

ಈ ರುಚಿಯನ್ನು ಪೂರ್ತಿಯಾಗಿ ಪಡೆಯಬೇಕಾದರೆ ಅವಸರ ಸಲ್ಲದು. ತಣ್ಣನೆಯ ಬಾಣಲೆಯಲ್ಲೇ ಬೇಕನ್ ಪಟ್ಟಿಗಳನ್ನು ಜೋಡಿಸಿ ಸಣ್ಣ ಉರಿಯಲ್ಲಿಟ್ಟರೆ, ಬಿಳಿಯ ಕೊಬ್ಬು ಮೊದಲು ಪಾರದರ್ಶಕವಾಗಿ, ನಿಧಾನವಾಗಿ ಕರಗುತ್ತಾ, ಅಂಚುಗಳು ಮುದುರಿ ಹೊಂಬಣ್ಣಕ್ಕೆ ತಿರುಗುತ್ತವೆ. ಉಳಿದ ಕೊಬ್ಬನ್ನು ದಯವಿಟ್ಟು ಚೆಲ್ಲಬೇಡಿ. ಅದರಲ್ಲಿ ಹುರಿದ ಆಲೂಗಡ್ಡೆಯ ರುಚಿಯೇ ಬೇರೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ಬೇಕನ್‌ನಂಥ ಸಂಸ್ಕರಿತ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿರುವುದರಿಂದ, ಇದನ್ನು ನಿತ್ಯದ ಆಹಾರವಾಗಿಸದೆ ಅಪರೂಪಕ್ಕೆ ಸವಿಯುವುದೇ ಸರಿ ಎಂದು ನಾನು ನಂಬಿದ್ದೇನೆ.