ಮುಕ್ತದ್ವಾರ ನೀತಿ: ಚೀನಾದ ಬಂದರಿನಲ್ಲಿ, ನಮ್ಮ ಕಾರ್ಖಾನೆಯಲ್ಲಿ

ಪ್ರಶ್ನೆ: ನಾನು ಕೊಪ್ಪಳ ತಾಲ್ಲೂಕಿನ ಗಿಣಿಗೇರಾ ಬಳಿಯ ಕಬ್ಬಿಣದ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷಗಳಿಂದ ಪಾಳಿಯ ಮೇಲ್ವಿಚಾರಕನಾಗಿದ್ದೇನೆ. ಹೊಸದಾಗಿ ಬಂದ ಮ್ಯಾನೇಜರ್ ಸಾಹೇಬರು ‘ಓಪನ್ ಡೋರ್ ಪಾಲಿಸಿ’ ಎಂದು ನೋಟಿಸ್ ಬೋರ್ಡಿಗೆ ಹಾಕಿಸಿ, ಯಾರು ಬೇಕಾದರೂ ತಮ್ಮ ಕೊಠಡಿಗೆ ನೇರವಾಗಿ ಬರಬಹುದು ಎಂದಿದ್ದಾರೆ. ಈಗ ರಜೆಗೆ, ಓಟಿಗೆ (ಹೆಚ್ಚುವರಿ ಹೊತ್ತಿನ ಕೆಲಸಕ್ಕೆ), ಎಲ್ಲದಕ್ಕೂ ಕೆಲಸಗಾರರು ನನ್ನನ್ನು ದಾಟಿ ಅವರ ಬಳಿಗೆ ಹೋಗುತ್ತಾರೆ. ನನ್ನ ಪಾಳಿಯ ಸುದ್ದಿ ನನಗೇ ಕೊನೆಗೆ ತಿಳಿಯುತ್ತದೆ. ಇದೇ ಹೆಸರಿನ ನೀತಿಯನ್ನು ಚೀನಾದ ಇತಿಹಾಸದಲ್ಲಿ ಓದಿದ್ದೇನೆ ಎಂದು ಪದವಿ ಓದುತ್ತಿರುವ ನನ್ನ ಮಗಳು ಹೇಳುತ್ತಾಳೆ. ಎರಡಕ್ಕೂ ಏನಾದರೂ ಸಂಬಂಧವಿದೆಯೇ? ನಾನು ಹೇಗೆ ನಡೆದುಕೊಳ್ಳಬೇಕು?
— ಓದುಗರು, ಕೊಪ್ಪಳ

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ಅವಳು ಓದಿದ ನೀತಿಯಿಂದಲೇ ಆರಂಭಿಸುತ್ತೇನೆ; ನಿಮ್ಮ ಕಾರ್ಖಾನೆಯ ತೊಡಕು ಏನೆಂಬುದು ಆ ಕಥೆಯಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

1895ರಲ್ಲಿ ಜಪಾನಿನ ಎದುರು ಸೋತ ಮೇಲೆ ಚೀನಾ ಬಹಳ ದುರ್ಬಲವಾಯಿತು. ಬ್ರಿಟನ್, ರಷ್ಯಾ, ಜರ್ಮನಿ, ಫ್ರಾನ್ಸ್, ಜಪಾನ್ ದೇಶಗಳು ಅದರ ಒಂದೊಂದು ಭಾಗವನ್ನು ತಮ್ಮ ಪ್ರಭಾವದ ವಲಯವೆಂದು ಗುರುತಿಸಿಕೊಂಡು, ಅಲ್ಲಿನ ಬಂದರು, ರೈಲು ಮತ್ತು ಗಣಿಗಳ ಮೇಲೆ ಹಿಡಿತ ಸಾಧಿಸತೊಡಗಿದವು. 1898ರಲ್ಲಿ ಸ್ಪೇನಿನಿಂದ ಫಿಲಿಪ್ಪೀನ್ಸನ್ನು ಪಡೆದು ಪೂರ್ವ ಏಷ್ಯಾದ ಹೊಸ್ತಿಲಿಗೆ ಬಂದಿದ್ದ ಅಮೆರಿಕಕ್ಕೆ ಈ ಹಂಚಿಕೆಯಲ್ಲಿ ತನಗೆ ಪಾಲಿಲ್ಲದೆ ಹೋದೀತೆಂಬ ಆತಂಕವಿತ್ತು. ಆದ್ದರಿಂದ ಅಲ್ಲಿನ ವಿದೇಶಾಂಗ ಕಾರ್ಯದರ್ಶಿ ಜಾನ್ ಹೇ 1899ರಲ್ಲಿ ಆ ಐದು ದೇಶಗಳಿಗೂ ಇಟಲಿಗೂ ಪತ್ರ ಬರೆದು, ಯಾರ ವಲಯವೇ ಆಗಿರಲಿ, ಎಲ್ಲ ದೇಶಗಳ ಸರಕಿಗೂ ಒಂದೇ ಸುಂಕ, ಒಂದೇ ಬಂದರು ಶುಲ್ಕ, ಒಂದೇ ರೈಲು ಬಾಡಿಗೆ ಇರಬೇಕೆಂದು ಕೇಳಿಕೊಂಡ. ಬಂದ ಉತ್ತರಗಳು ಹಾರಿಕೆಯವಾಗಿದ್ದವು, ಷರತ್ತಿನವಾಗಿದ್ದವು. ಆದರೂ 1900ರ ಮಾರ್ಚ್ ತಿಂಗಳಲ್ಲಿ ಎಲ್ಲರೂ ಒಪ್ಪಿದ್ದಾರೆಂದು ಹೇ ಘೋಷಿಸಿಬಿಟ್ಟ. ಇದೇ ಮುಕ್ತದ್ವಾರ ನೀತಿ, ಅಂದರೆ ‘ಓಪನ್ ಡೋರ್ ಪಾಲಿಸಿ’.

ಆ ಪತ್ರಗಳು ಹೋದ ವಿಳಾಸಗಳಲ್ಲಿ ಚೀನಾ ಇರಲಿಲ್ಲ ಎಂಬುದನ್ನು ನಿಮ್ಮ ಮಗಳು ಗಮನಿಸಲಿ. ಯಾರ ಮನೆಯ ಬಾಗಿಲಿನ ಮಾತು ನಡೆಯುತ್ತಿತ್ತೋ ಆ ಮನೆಯವರನ್ನೇ ಯಾರೂ ಕೇಳಲಿಲ್ಲ. ಅಫೀಮು ಯುದ್ಧದ ನಂತರದ ಒಪ್ಪಂದಗಳು ಚೀನಾದ ಆಮದು ಸುಂಕವನ್ನು ಸುಮಾರು ಶೇ 5ಕ್ಕೆ ಕಟ್ಟಿಹಾಕಿದ್ದವು. ತನ್ನ ಕೈಮಗ್ಗದವರನ್ನು ಉಳಿಸಿಕೊಳ್ಳಲು ಅದನ್ನು ಏರಿಸುವ ಅಧಿಕಾರ ಚೀನಾಕ್ಕೆ ಇರಲಿಲ್ಲ. ಮುಂದೆ 1922ರಲ್ಲಿ ವಾಷಿಂಗ್ಟನ್ನಿನಲ್ಲಿ ಒಂಬತ್ತು ದೇಶಗಳು ಸಹಿ ಹಾಕಿದ ಒಪ್ಪಂದದಲ್ಲಿ ಚೀನಾವೂ ಸೇರಿತು, ಮುಕ್ತದ್ವಾರದ ತತ್ವಕ್ಕೆ ಕಾನೂನಿನ ರೂಪವೂ ಬಂತು. ಆದರೆ ಮೀರಿದವರನ್ನು ತಡೆಯುವ ಏರ್ಪಾಡು ಅದರಲ್ಲಿ ಇರಲಿಲ್ಲವಾದ್ದರಿಂದ, 1931ರಲ್ಲಿ ಜಪಾನ್ ಚೀನಾದ ಈಶಾನ್ಯ ಭಾಗವಾದ ಮಂಚೂರಿಯಾವನ್ನು ಆಕ್ರಮಿಸಿದಾಗ ಆ ಕಾಗದ ಯಾರನ್ನೂ ಕಾಯಲಿಲ್ಲ.

1978ರ ಡಿಸೆಂಬರಿನಿಂದ ಚೀನಾದ ನಾಯಕ ಡೆಂಗ್ ಷಿಯಾವೊಪಿಂಗ್ ಅವರ ಕಾಲದಲ್ಲಿ ವಿದೇಶಿ ವ್ಯಾಪಾರ, ಬಂಡವಾಳಗಳಿಗೆ ದೇಶವನ್ನು ತೆರೆದದ್ದಕ್ಕೂ ಇದೇ ಹೆಸರನ್ನು ಬಳಸುತ್ತಾರೆ, ಆದರೆ ಅದು ಬೇರೆಯೇ ಸಂಗತಿ. ಈ ಬಾರಿ ಅಗುಳಿ ಚೀನಾದ ಕೈಯಲ್ಲೇ ಇತ್ತು. 1980ರಲ್ಲಿ ಶೆಂಜೆನ್ ಸೇರಿ ನಾಲ್ಕು ವಿಶೇಷ ಆರ್ಥಿಕ ವಲಯಗಳು, 1984ರಲ್ಲಿ ಹದಿನಾಲ್ಕು ಕರಾವಳಿ ನಗರಗಳು, 2001ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯತ್ವ, ಹೀಗೆ ಹೆಜ್ಜೆ ಹೆಜ್ಜೆಗೂ ನೋಡಿಕೊಂಡು ತೆರೆದರು. ಪರೀಕ್ಷೆಯಲ್ಲಿ ಇವೆರಡನ್ನೂ ಒಂದೇ ಎಂದು ಬರೆಯದಂತೆ ಮಗಳಿಗೆ ಹೇಳಿ.

ಆ ಬಾಗಿಲಿನ ಗಾಳಿ ನಮ್ಮ ಸೀಮೆಗೂ ಬೀಸಿತು. ಚೀನಾದ ಉಕ್ಕಿನ ಕುಲುಮೆಗಳಿಗೆ ಅದಿರು ಬೇಕಾದಾಗ, ಸಂಡೂರಿನ ಗಣಿಗಳಲ್ಲಿ ಬೇಡವೆಂದು ಗುಡ್ಡೆ ಹಾಕಿದ್ದ ಪುಡಿ ಅದಿರಿಗೂ ಗಿರಾಕಿ ಹುಟ್ಟಿದ. ಹೊಸಪೇಟೆ ರಸ್ತೆಯಲ್ಲಿ ಹಗಲು ರಾತ್ರಿ ಸಾಲುಗಟ್ಟಿ ನಿಲ್ಲುತ್ತಿದ್ದ ಲಾರಿಗಳನ್ನೂ, ರಸ್ತೆ ಬದಿಯ ಬೇವಿನ ಎಲೆ ಹಸಿರು ಕಾಣದಷ್ಟು ಕೆಂಪಾಗಿದ್ದುದನ್ನೂ ನಾನು ಕಣ್ಣಾರೆ ಕಂಡಿದ್ದೇನೆ. 2010ರಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ತಡೆಯಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ರಫ್ತಿಗೆ ಮತ್ತೆ ಅನುಮತಿ ದೊರೆತದ್ದು 2022ರ ಮೇ ತಿಂಗಳಲ್ಲಿ. ತೆರೆದದ್ದರ ಲಾಭ ಕೆಲವರಿಗಾಯಿತು, ದೂಳು ಮಾತ್ರ ಎಲ್ಲರ ಹೊಲದ ಮೇಲೂ ಕೂತಿತು. ಇದನ್ನು ನಾನು ಇಂದಿಗೂ ಸಂಕಟದಿಂದಲೇ ನೆನೆಯುತ್ತೇನೆ.

ಇನ್ನು ನಿಮ್ಮ ಕಾರ್ಖಾನೆಯ ವಿಷಯ. ಚೀನಾದ ಬಗ್ಗೆ ಕೇಳಬೇಕಾದ ಪ್ರಶ್ನೆಯನ್ನೇ ಇಲ್ಲಿಯೂ ಕೇಳಬೇಕು: ಬಾಗಿಲು ತೆರೆಯುವ ಮೊದಲು ಯಾರನ್ನು ಕೇಳಿದರು, ಒಳಗೆ ಹೋಗಿ ಬಂದವನಿಗೆ ಆಮೇಲೆ ಏನಾಯಿತು? ಬಳ್ಳಾರಿಯ ಒಂದು ಜೀನ್ಸ್ ಹೊಲಿಗೆ ಘಟಕಕ್ಕೆ ಕೆಲವು ವರ್ಷಗಳ ಹಿಂದೆ ಹೋಗಿದ್ದೆ. ಮಾಲೀಕರ ಕೊಠಡಿಯ ಬಾಗಿಲು ದಿನವಿಡೀ ತೆರೆದೇ ಇರುತ್ತಿತ್ತು, ಅದರ ಬಗ್ಗೆ ಅವರಿಗೆ ಅಭಿಮಾನವೂ ಇತ್ತು. ಆದರೆ ಆ ಬಾಗಿಲಿಗೆ ಎರಡು ಮಾರು ದೂರದಲ್ಲಿ ಮೇಸ್ತ್ರಿಯ ಮೇಜು ಇತ್ತು. ಪೀಸ್ ಲೆಕ್ಕ ಕಡಿಮೆ ಬರೆದಿದ್ದಾರೆಂದು ಹೇಳಲು ಹೊರಟ ಹೆಣ್ಣುಮಗಳೊಬ್ಬಳು ಮೇಸ್ತ್ರಿ ತಲೆಯೆತ್ತಿ ನೋಡಿದ ಕೂಡಲೇ ನೀರಿನ ಕೊಡದ ಕಡೆಗೆ ತಿರುಗಿ, ಲೋಟದಲ್ಲಿ ನೀರು ಕುಡಿದು, ತನ್ನ ಮಷೀನಿಗೆ ಹಿಂತಿರುಗಿದಳು. ನಾನು ಮೇಜನ್ನು ಆಚೆ ಬದಿಗೆ ಹಾಕಿಸಿರೆಂದು ಮಾತ್ರ ಹೇಳಿದೆ.

ಆದ್ದರಿಂದ ಮೊದಲು ಒಂದು ಮಾತನ್ನು ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಕೆಲಸಗಾರರು ನಿಮ್ಮನ್ನು ದಾಟಿ ಹೋಗುತ್ತಿದ್ದಾರೆಂದರೆ ಅವರಲ್ಲಿ ಕೆಲವರಾದರೂ ನಿಮ್ಮ ಮೇಜಿನ ಎದುರು ಹಿಂದೆ ಹಾಗೆ ತಿರುಗಿ ಹೋದವರಿರಬಹುದು. ಯಾವ ಬಗೆಯ ಮಾತಿಗೆ ಅವರು ಮೇಲೆ ಹೋಗುತ್ತಾರೆ ಎಂಬುದನ್ನು ಒಂದು ತಿಂಗಳು ಬರೆದಿಟ್ಟು ನೋಡಿ. ರಜೆ, ಓಟಿಯಂಥ ದಿನನಿತ್ಯದ ವಿಷಯಗಳೇ ಹೆಚ್ಚಿದ್ದರೆ ತಪ್ಪು ಪದ್ಧತಿಯದು. ಅಂಥವನ್ನು ಮ್ಯಾನೇಜರ್ ಕೇಳಿಸಿಕೊಳ್ಳಲಿ, ಆದರೆ ನಿಂತ ನಿಲುವಿನಲ್ಲೇ ತೀರ್ಮಾನ ಹೇಳದೆ, ‘ನಿಮ್ಮ ಮೇಲ್ವಿಚಾರಕರನ್ನೂ ಕೇಳಿ ನಾಳೆ ಹೇಳುತ್ತೇನೆ’ ಎಂದು ಕಳುಹಿಸಿ, ನಿಮ್ಮನ್ನು ಕರೆದು ಮಾತನಾಡಲಿ. ಈ ಒಂದು ಅಭ್ಯಾಸ ಬಂದರೆ ನಿಮ್ಮ ದೂರಿನ ಬಹುಪಾಲು ತೀರುತ್ತದೆ, ಇದನ್ನು ಅವರಿಗೆ ಹೇಳುವ ಹಕ್ಕು ನಿಮಗೆ ಖಂಡಿತ ಇದೆ. ಸುರಕ್ಷತೆಯ ಲೋಪ, ಲೈಂಗಿಕ ಕಿರುಕುಳ ಅಥವಾ ನಿಮ್ಮ ಮೇಲಿನ ದೂರೇ ಆದರೆ ಮಾತ್ರ ಕೆಲಸಗಾರರು ನಿಮ್ಮನ್ನು ದಾಟಿ ಹೋಗುವುದು ನ್ಯಾಯ; ಅದಕ್ಕೆ ಅಡ್ಡ ಬರಬೇಡಿ, ಯಾರು ಹೋದರೆಂದು ವಿಚಾರಿಸಲೂ ಬೇಡಿ.

ತೆರೆದ ಬಾಗಿಲು ಕಾನೂನಿನ ಜಾಗವನ್ನು ತುಂಬಲಾರದು ಎಂಬುದನ್ನೂ ಮ್ಯಾನೇಜರರ ಗಮನಕ್ಕೆ ತನ್ನಿ. ಇಪ್ಪತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕೈಗಾರಿಕೆಯಲ್ಲಿ ಆಡಳಿತ ಮತ್ತು ಕೆಲಸಗಾರರ ಸಮ ಸಂಖ್ಯೆಯ ಪ್ರತಿನಿಧಿಗಳಿರುವ ಕುಂದುಕೊರತೆ ನಿವಾರಣಾ ಸಮಿತಿ ಇರಲೇಬೇಕು. ಹತ್ತು ಅಥವಾ ಹೆಚ್ಚು ನೌಕರರಿರುವಲ್ಲಿ 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳದ ದೂರುಗಳಿಗೆ ಮಹಿಳೆಯೇ ಅಧ್ಯಕ್ಷೆಯಾಗಿರುವ ಆಂತರಿಕ ಸಮಿತಿ ಇರಬೇಕು. ಮ್ಯಾನೇಜರ್ ವರ್ಗವಾಗಿ ಹೋದರೆ ಅವರ ಬಾಗಿಲೂ ಅವರೊಂದಿಗೇ ಹೋಗುತ್ತದೆ. ಸಮಿತಿಗೆ ಬರೆದುಕೊಟ್ಟ ದೂರು ದಾಖಲೆಯಲ್ಲಿ ಉಳಿಯುತ್ತದೆ.

ಕೊನೆಯದಾಗಿ, ಆ ಬಾಗಿಲು ಯಾರಿಗೆ ತೆರೆದಿಲ್ಲ ಎಂಬುದನ್ನು ನಿಮ್ಮಷ್ಟು ಚೆನ್ನಾಗಿ ಬಲ್ಲವರು ಅಲ್ಲಿ ಬೇರೆ ಯಾರೂ ಇರಲಾರರು. ರಾತ್ರಿ ಹತ್ತಕ್ಕೆ ಬಂದು ಬೆಳಿಗ್ಗೆ ಆರಕ್ಕೆ ಹೋಗುವ ಪಾಳಿಯವನಿಗೆ ಮ್ಯಾನೇಜರರ ಕೊಠಡಿ ಯಾವಾಗಲೂ ಬೀಗ ಹಾಕಿದ್ದೇ. ಬಿಹಾರ, ಒಡಿಶಾ ಕಡೆಯಿಂದ ಬಂದ ಗುತ್ತಿಗೆ ಕೆಲಸಗಾರನಿಗೆ ನೋಟಿಸ್ ಬೋರ್ಡಿನ ಕನ್ನಡವೂ ಓದಲು ಬಾರದು, ಇಂಗ್ಲಿಷೂ ಬಾರದು. ಅವನು ಗುತ್ತಿಗೆದಾರನನ್ನು ದಾಟಿ ಬರುವ ಧೈರ್ಯ ಮಾಡುವುದೂ ಕಷ್ಟ. ವಾರಕ್ಕೊಮ್ಮೆ ಬೆಳಿಗ್ಗೆ ಆರು ಗಂಟೆಯ ಪಾಳಿ ಬದಲಾವಣೆಯ ಹೊತ್ತಿಗೆ ಟೈಮ್ ಆಫೀಸಿನ ಮುಂದೆ ಅರ್ಧ ಗಂಟೆ ಕುಳಿತುಕೊಳ್ಳುವಂತೆ ಮ್ಯಾನೇಜರರನ್ನು ನೀವೇ ಕೇಳಿ, ಹಿಂದಿ ಬಲ್ಲ ಕೆಲಸಗಾರನೊಬ್ಬನನ್ನು ಅವರ ಪಕ್ಕದಲ್ಲಿ ಕೂರಿಸಿ. ಮೊದಲ ಎರಡು ವಾರ ಯಾರೂ ಬಾಯಿ ಬಿಡದಿದ್ದರೂ ಅದನ್ನು ನಿಲ್ಲಿಸಬೇಡಿ.