ಮುಟ್ಟು ನಿಂತ ಮೇಲಿನ ಒಣಗುವಿಕೆ, ಉರಿ: ಗಿಡಮೂಲಿಕೆ ಎಷ್ಟು ನೆರವಾದೀತು?

ಹಾವೇರಿ ಜಿಲ್ಲೆಯ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಬರೆದಿದ್ದಾರೆ: ‘ನನಗೀಗ 52. ಮುಟ್ಟು ನಿಂತು ನಾಲ್ಕು ವರ್ಷವಾಯಿತು. ಒಳಗೆಲ್ಲ ಒಣಗಿದಂತಾಗಿ ಉರಿ, ತುರಿಕೆ. ಯಜಮಾನರ ಜೊತೆ ಸೇರುವುದೆಂದರೆ ಹೆದರಿಕೆಯಾಗುತ್ತದೆ. ಓರಗಿತ್ತಿ ಬೇವಿನ ಕಷಾಯದಲ್ಲಿ ತೊಳೆದುಕೊ ಅಂದಳು, ಪಕ್ಕದ ಮನೆಯವರು ಶತಾವರಿ ಪುಡಿ ತಂದುಕೊಟ್ಟರು. ಹಾರ್ಮೋನ್ ತಗೊಂಡರೆ ಕ್ಯಾನ್ಸರ್ ಬರುತ್ತದಂತೆ. ಗಿಡಮೂಲಿಕೆಯಲ್ಲೇ ಗುಣವಾಗುವುದಿಲ್ಲವೇ?’

ಅಕ್ಕಾ, ಮೊದಲು ಆ ಬೇವಿನ ಕಷಾಯವನ್ನು ಇವತ್ತೇ ನಿಲ್ಲಿಸಿ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನ್ ಇಳಿಯುತ್ತದೆ. ಅದರ ಬಲದಿಂದ ದಪ್ಪಗೆ, ತೇವವಾಗಿದ್ದ ಯೋನಿಯ ಒಳಪದರ ತೆಳ್ಳಗಾಗುತ್ತದೆ. ಅಲ್ಲಿ ಹುಳಿಯಂಶ ಕಾಯ್ದುಕೊಂಡು ಸೋಂಕು ತಡೆಯುತ್ತಿದ್ದ ಒಳ್ಳೆಯ ಬ್ಯಾಕ್ಟೀರಿಯಾಗಳೂ ಕಡಿಮೆಯಾಗುತ್ತವೆ. ಪದೇ ಪದೇ ಉರಿಮೂತ್ರ ಕಾಡುವುದಕ್ಕೂ ಇದೇ ಕಾರಣ. ಅಂಥ ಜಾಗಕ್ಕೆ ಬೇವು, ಅರಿಸಿನ, ಡೆಟಾಲ್, ಸೋಪು ಯಾವುದು ಹಾಕಿದರೂ ಇರುವ ತೇವವೂ ಹೋಗುತ್ತದೆ. ‘ಬಿಗಿ ಮಾಡುತ್ತದೆ’ ಎಂದು ಮಾರುವ ಕ್ರೀಮುಗಳಲ್ಲಿ ಪಟಿಕ ಇರುವುದುಂಟು. ಅದು ಇನ್ನಷ್ಟು ಒಣಗಿಸುತ್ತದೆ. ಹೊರಭಾಗಕ್ಕೆ ಬರೀ ನೀರು ಸಾಕು. ಒಳಗೆ ತೊಳೆಯಲೇಬೇಡಿ.

ಶತಾವರಿ ನಮ್ಮವರಿಗೆ ಹೊಸದಲ್ಲ. ‘ಹಲವು ಮಕ್ಕಳ ತಾಯಿ ಬೇರು’ ಎಂದು ಹಳ್ಳಿಗಳಲ್ಲಿ ಕರೆಯುವುದು ಇದನ್ನೇ, ಬಾಣಂತಿಯರಿಗೆ ಕೊಡುವುದೂ ಇದೆ. ಆದರೆ ಮುಟ್ಟು ನಿಂತವರ ಒಣಗುವಿಕೆಯನ್ನು ಅದು ನೀಗಿಸುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಸೋಯಾದಂಥ ಸಸ್ಯಗಳಲ್ಲಿ ಈಸ್ಟ್ರೋಜನ್ ಹೋಲುವ ಅಂಶಗಳಿವೆ. ಅವುಗಳ ಮೇಲಿನ ಅಧ್ಯಯನಗಳನ್ನು 2016ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ ಮೈ ಬಿಸಿಯೇರುವುದೂ ಯೋನಿಯ ಒಣಗುವಿಕೆಯೂ ಸ್ವಲ್ಪ ತಗ್ಗಿದ್ದು ಕಂಡಿತು. ಸ್ವಲ್ಪ ಎಂಬುದನ್ನು ನೆನಪಿಡಿ. ನಿಮ್ಮ ಕಡೆಯ ಅಗಸಿ ಹಿಂಡಿಯಲ್ಲೂ ಅಂಥ ಅಂಶವಿದೆ. ರೊಟ್ಟಿಯ ಜೊತೆ ಧಾರಾಳವಾಗಿ ತಿನ್ನಿ, ಆದರೆ ಔಷಧಿ ಎಂದು ನಂಬಿ ಕೂರಬೇಡಿ. ಪುಡಿಗಳಲ್ಲಿ ಜೇಷ್ಠಮಧು ಬೆರೆತಿದ್ದರೆ ಬಿಪಿ ಏರಬಹುದು. ಸ್ತನ ಕ್ಯಾನ್ಸರ್ ಆಗಿದ್ದವರು ಇಂಥ ಯಾವುದನ್ನೂ ತಮ್ಮ ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಹಚ್ಚುವುದರಿಂದ ಸಿಗುವ ಆರಾಮ ಹೆಚ್ಚು. ಪರಿಮಳ ಬೆರೆಸದ ಶುದ್ಧ ಕೊಬ್ಬರಿ ಎಣ್ಣೆ ಹೊರಭಾಗದ ಉರಿಗೂ ಸೇರುವಾಗಿನ ಉಜ್ಜಾಟಕ್ಕೂ ಆಗುತ್ತದೆ. (ಮುಟ್ಟು ಇನ್ನೂ ಪೂರ್ತಿ ನಿಲ್ಲದೆ ಕಾಂಡೋಮ್ ಬಳಸುವವರು ಎಚ್ಚರ, ಎಣ್ಣೆ ತಾಗಿದರೆ ರಬ್ಬರ್ ಹರಿಯುತ್ತದೆ.) ಹಚ್ಚಿದ ಮೇಲೆ ತುರಿಕೆ ಹೆಚ್ಚಾಗಿ ಮೊಸರಿನಂಥ ಬಿಳುಪು ಹೋದರೆ ಬಿಟ್ಟುಬಿಡಿ. ಹಿತ್ತಲಿನ ಲೋಳೆಸರವನ್ನು ಕೊಯ್ದು ಒಳಗಿಡುವವರಿದ್ದಾರೆ. ಎಲೆ ಕತ್ತರಿಸಿದ ಕೂಡಲೇ ಸಿಪ್ಪೆಯ ಅಂಚಿನಿಂದ ಹಳದಿ ರಸ ಒಸರುವುದನ್ನು ನೀವು ನೋಡಿರಬಹುದು. ಅದು ಚರ್ಮವನ್ನು ಕೆರಳಿಸುತ್ತದೆ. ಆಯುರ್ವೇದದಲ್ಲಿ ಔಷಧಿ ಎಣ್ಣೆಯಲ್ಲಿ ಅದ್ದಿದ ಹತ್ತಿ ಇಡುವ ಯೋನಿ ಪಿಚು ಇದೆ. ಅದನ್ನು ಓದಿದ ವೈದ್ಯೆಯ ಕೈಯಲ್ಲೇ ಮಾಡಿಸಬೇಕು, ಮನೆಯಲ್ಲಿ ಬೇಡ. ಮೆಡಿಕಲ್ ಶಾಪಿನಲ್ಲಿ ಸಿಗುವ ಹಯಲುರಾನಿಕ್ ಆಸಿಡ್ ಜೆಲ್ಲನ್ನು ವಾರಕ್ಕೆ ಎರಡು ಮೂರು ಸಲ ಬಳಸಿದರೆ ತೇವ ಉಳಿಯುತ್ತದೆ. ಇದರಲ್ಲಿ ಹಾರ್ಮೋನ್ ಇಲ್ಲ.

ಆದರೆ ಎಣ್ಣೆಯಾಗಲಿ ಜೆಲ್ ಆಗಲಿ ತೆಳುವಾದ ಪದರವನ್ನು ಮತ್ತೆ ದಪ್ಪ ಮಾಡಲಾರವು. ಮೈ ಬಿಸಿಯೇರುವುದು ಕೆಲವು ವರ್ಷಕ್ಕೆ ತಾನಾಗಿ ಇಳಿಯುತ್ತದೆ, ಒಣಗುವಿಕೆ ಹಾಗಲ್ಲ, ಬಿಟ್ಟಷ್ಟೂ ಹೆಚ್ಚುತ್ತದೆ. ಹಾಗಾಗಿಯೇ ಈಸ್ಟ್ರೋಜನ್ನಿನದೇ ಒಂದು ಬಗೆಯಾದ ಈಸ್ಟ್ರಿಯಾಲ್ ಕ್ರೀಮಿನ ಬಗ್ಗೆ ಡಾಕ್ಟರನ್ನು ಕೇಳಿ ಎನ್ನುತ್ತೇನೆ. ಸಾಮಾನ್ಯವಾಗಿ ಮೊದಲ ಎರಡು ಮೂರು ವಾರ ದಿನವೂ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ ಒಳಗೆ ಹಚ್ಚಲು ಹೇಳುತ್ತಾರೆ. ನೀವು ಕೇಳಿದ ಕ್ಯಾನ್ಸರ್ ಭಯ ಬಹುಮಟ್ಟಿಗೆ ಹಬ್ಬಿದ್ದು ಅಮೆರಿಕದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2002ರಲ್ಲಿ ಹೊರಬಂದ ಮೇಲೆ. ಅದರಲ್ಲಿ ಹೆಂಗಸರು ನುಂಗಿದ್ದು ಹಾರ್ಮೋನ್ ಮಾತ್ರೆಗಳನ್ನು. ಕಡಿಮೆ ಪ್ರಮಾಣದ ಕ್ರೀಮಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ಈ ಭಯದಿಂದ ಎಷ್ಟೋ ಹೆಂಗಸರು ವರ್ಷಗಟ್ಟಲೆ ನೋವು ನುಂಗಿಕೊಂಡಿದ್ದಾರೆ ಎಂಬುದೇ ನನಗೆ ಸಂಕಟ.

ಯಜಮಾನರಿಗೂ ವಿಷಯ ಹೇಳಿ. ಬೇಡವೆನ್ನುವುದು ಅವರ ಮೇಲಿನ ಬೇಸರದಿಂದಲ್ಲ, ನೋವಿನಿಂದ ಎಂದು ನೀವು ಹೇಳದೆ ಅವರಿಗೆ ಗೊತ್ತಾಗುವುದಿಲ್ಲ.

ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಗರ್ಭಕೋಶದ ತಪಾಸಣೆ ಆಗಲೇಬೇಕು. ಅದಕ್ಕೆ ಯಾವ ಮನೆಮದ್ದೂ ಬೇಡ. ಬಿಳಿ ಮಚ್ಚೆ, ಹುಣ್ಣು, ವಾಸನೆಯ ಸ್ರಾವ ಇದ್ದರೂ ಅಷ್ಟೇ. ತುರಿಕೆ ಬಿಡದಿದ್ದರೆ ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನೂ ಮಾಡಿಸಿ. ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಿ ಲೇಡಿ ಡಾಕ್ಟರನ್ನೇ ಕೇಳಬಹುದು. ಬಾಯಿ ಬಾರದಿದ್ದರೆ ನಮಗೆ ಬರೆದ ನಾಲ್ಕು ಸಾಲನ್ನೇ ಚೀಟಿಯಲ್ಲಿ ಬರೆದು ಅವರ ಮುಂದಿಡಿ, ಪಕ್ಕದ ಮನೆಯವರು ಕೊಟ್ಟ ಪುಡಿಯ ಪೊಟ್ಟಣವನ್ನೂ ಒಯ್ಯಿರಿ.

– ಸಂಪಾದಕಿ